ಬಾಯಿ ಬಿಡದ ನಾಯಿ

ಹಂದಿ ಬೇಟೆಯ ನಾಯಿ ಜಾಡು ಹಿಡಿದು ಓಡುವಾಗ ಬೊಗಳಬಾರದು!

ಇದು ನನ್ನ ಸಿದ್ಧಾಂತ. ಸಿದ್ಧಾಂತ ಏನು ಬಂತು, ನನ್ನ ಧರ್ಮವೇ ಎನ್ನಿ. ನಮ್ಮ ಪೂರ್ವ ಟೆಕ್ಸಸ್ಸಿನ ಪೈನ್ ಕಾಡಿನ ಸೀಮೆಯಲ್ಲಿ ಮನುಷ್ಯರಲ್ಲಿ ಇರುವುದು ಎರಡೇ ಜಾತಿ. ನಾಯಿ ಬೊಗಳಬೇಕು ಎನ್ನುವವರು, ಬೊಗಳಬಾರದು ಎನ್ನುವವರು. ಬೇರೆ ಬೇರೆ ಪಕ್ಷಕ್ಕೆ ಓಟು ಹಾಕಿದವರು ಒಂದೇ ಬೆಂಚಿನ ಮೇಲೆ ಕೂತು ಕೋಳಿ ತಿನ್ನುವುದನ್ನು ನಾನು ಕಂಡಿದ್ದೇನೆ. ಈ ಎರಡು ಜಾತಿಯವರು ಒಂದೇ ಪಿಕಪ್ ಗಾಡಿಯಲ್ಲಿ ಬೇಟೆಗೆ ಹೋದದ್ದನ್ನು ಕಂಡಿಲ್ಲ. ಇದಕ್ಕೆ ಅಪವಾದವೆಂದರೆ ನಾನು ಮತ್ತು ನನ್ನ ಮಾವ. ನಮಗೆ ಬೇರೆ ಗತಿಯಿಲ್ಲ. ಪಿಕಪ್ ನನ್ನದು, ನನ್ನ ಹೆಂಡತಿ ಅವರ ಮಗಳು!

ನೀವೇ ಯೋಚನೆ ಮಾಡಿ. ಕಳ್ಳನನ್ನು ಹಿಡಿಯಲು ಹೊರಟ ಪೊಲೀಸು "ಬಂದೆ, ಇಗೋ ಬಂದೆ, ಈ ಬೀದಿ ದಾಟಿದರೆ ಬಂದೇಬಿಟ್ಟೆ" ಎಂದು ಕೂಗಿಕೊಂಡು ಹೋಗುತ್ತಾನೆಯೆ? ಬೊಗಳುವ ನಾಯಿ ಮಾಡುವುದು ಇದನ್ನೇ. ವಾಸನೆ ಸಿಕ್ಕಿದ್ದೇ ತಡ, ಡಂಗುರ ಸಾರಲು ಶುರು ಮಾಡುತ್ತದೆ. ಹಂದಿ ಅದನ್ನು ಕೇಳಿಸಿಕೊಂಡು, ಎದ್ದು, ಮೈ ಮುರಿದು, ಆಕಳಿಸಿ, ನಿಧಾನವಾಗಿ ಹೊಳೆ ದಾಟಿ ಪಕ್ಕದ ಕೌಂಟಿಯಲ್ಲಿ ಹೋಗಿ ಮಲಗುತ್ತದೆ. ಮೂಕ ನಾಯಿ ಹಾಗಲ್ಲ. ಉಸಿರು ಬಿಗಿಹಿಡಿದು ಹೋಗುತ್ತದೆ. ಹಂದಿಯ ಮೂಗಿನ ಮುಂದೆ ಪ್ರತ್ಯಕ್ಷವಾಗುತ್ತದೆ. ಇನ್ನು ಹಂದಿ ಅಲುಗಾಡಲಾರದು ಎಂದು ಖಾತ್ರಿಯಾದ ಮೇಲೆ ಮಾತ್ರ ಬಾಯಿ ಬಿಡುತ್ತದೆ. ಆಗ ನಾವು ಆ ಸದ್ದಿನ ಕಡೆ ಹೋಗಿ ಹಿಡಿಯುವುದು. ಎಂಥ ಘನತೆ! ಎಂಥ ಮರ್ಯಾದೆ!

ನನ್ನ ನಾಯಿಯ ಹೆಸರು ಜಡ್ಜ್. ಹಳದಿ ಮೈ, ಮಸಿ ಬಳಿದಂಥ ಮೂತಿ. ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡು ಕೊನೆಯಲ್ಲಿ ತೀರ್ಪು ಕೊಡುವಾಗಷ್ಟೇ ಮಾತಾಡುವುದರಿಂದ ಆ ಹೆಸರು. ಮಾವ ಓರಿಸ್ ಅವರ ನಾಯಿಗೆ ತಂತಿವಾದ್ಯದ ಹೆಸರು, ಬ್ಯಾಂಜೋ. ಜೋಲು ಕಿವಿಯ ಮುದಿ ಹೌಂಡ್. ಅದರ ಬಾಯಿ ಮುಚ್ಚಿದ್ದನ್ನು ಕಂಡವರು ಯಾರೂ ಇಲ್ಲ. ನಿದ್ದೆಯಲ್ಲೂ ಬೊಗಳುತ್ತದೆ. ಜಾಡು ಸಿಕ್ಕಿತೋ, ಯಾರೋ ಸತ್ತ ಮನೆಯಲ್ಲಿ ಸಂಗೀತ ಕಚೇರಿ ಇಟ್ಟ ಹಾಗೆ ಅಳುತ್ತಲೂ ಹಾಡುತ್ತಲೂ ಓಡುತ್ತದೆ.

"ಅದು ಬೊಗಳೋದಲ್ಲ ಅಳಿಯಂದಿರೇ, ಸುದ್ದಿ ಹೇಳೋದು," ಎನ್ನುತ್ತಾರೆ ಮಾವ. ನನ್ನನ್ನು ಗೇಲಿ ಮಾಡುವಾಗ ಮಾತ್ರ ಅವರು ನನಗೆ ಬಹುವಚನ ಕೊಡುವುದು. "ಎಲ್ಲಿದೀನಿ, ಯಾವ ಕಡೆ ತಿರುಗಿದೆ, ಹಂದಿ ಒಂದೋ ಎರಡೋ, ಎಲ್ಲ ಹೇಳ್ತಾ ಹೋಗುತ್ತೆ. ನಿನ್ನ ನಾಯಿ ಏನ್ ಹೇಳುತ್ತೆ?"

"ಹೇಳೋದೇನಿದೆ ಮಾವ? ಕೆಲಸ ಮಾಡುತ್ತೆ!"

"ಎಲ್ಲಿ ಮಾಡುತ್ತೆ?"

"ಕುತ್ತಿಗೇಲಿ ಜಿಪಿಎಸ್ ಪಟ್ಟಿ ಇದೆಯಲ್ಲ. ಈ ಪೆಟ್ಟಿಗೇಲಿ ನೋಡಿದ್ರೆ ಗೊತ್ತಾಗುತ್ತೆ."

"ಅಂದ್ರೆ ನಾಯಿ ಬಾಯಿ ಮುಚ್ಚಿಸಿ, ಅದರ ಬದಲು ಮಾತಾಡೋಕೆ ಒಂದು ಪೆಟ್ಟಿಗೆ ಕೊಂಡ್ಕೊಂಡೆ ಅನ್ನು!"

ಇಂಥವರ ಜೊತೆ ವಾದ ಮಾಡುವುದು ಹೇಗೆ, ನೀವೇ ಹೇಳಿ.

ಹೀಗಿರುವಾಗ ಮೇ ತಿಂಗಳಲ್ಲಿ ಒಂದು ದೊಡ್ಡ ಗಂಡು ಹಂದಿ ನಮ್ಮ ಚರ್ಚಿನ ಸ್ಮಶಾನಕ್ಕೆ ನುಗ್ಗಿ ಹುಲ್ಲುಹಾಸನ್ನೆಲ್ಲ ಉತ್ತು ಹಾಕಿತು. ಸಮಯವೂ ಎಂಥದ್ದು ಅಂತೀರಿ! ಮುಂದಿನ ಭಾನುವಾರವೇ ಚರ್ಚಿನ ಹೋಮ್‌ಕಮಿಂಗ್. ಊರು ಬಿಟ್ಟು ಹೋದವರೆಲ್ಲ ಬಂದು, ತಮ್ಮ ತಮ್ಮ ಹಿರಿಯರ ಸಮಾಧಿಗೆ ಹೂವಿಟ್ಟು, ಓಕ್ ಮರಗಳ ಕೆಳಗೆ ಉದ್ದಕ್ಕೆ ಮೇಜು ಜೋಡಿಸಿ ಊಟ ಮಾಡುವ ದಿನ. ಪಾಸ್ಟರ್ ಟ್ರೂಯೆಟ್ ವೇದಿಕೆಯ ಮೇಲೆ ನಿಂತು, "ಈ ಹಂದಿ ವಿಷಯದಲ್ಲಿ ಯಾರಾದ್ರೂ ಏನಾದ್ರೂ ಮಾಡೋಕೆ ಆಗುತ್ತಾ?" ಎಂದು ಕೇಳಿದರು.

ನಾನು ಎದ್ದು ನಿಂತೆ. ಯಾರೂ ಎಬ್ಬಿಸಲಿಲ್ಲ, ನಾನೇ ಎದ್ದೆ! ಟೊಪ್ಪಿಯನ್ನು ಎದೆಗೆ ಒತ್ತಿಕೊಂಡು, "ಶನಿವಾರ ಬೆಳಿಗ್ಗೆ ನಾನು ಮತ್ತು ಜಡ್ಜ್ ಆ ಹಂದಿಯನ್ನು ಹಿಡೀತೀವಿ. ಸದ್ದಿಲ್ಲ, ಗದ್ದಲವಿಲ್ಲ. ಸಮಾಧೀಲಿ ಮಲಗಿರೋರಿಗೂ ಎಚ್ಚರ ಆಗಲ್ಲ!" ಎಂದು ಘೋಷಿಸಿದೆ. ಜನ ತಲೆದೂಗಿದರು. ಮಾವ ಮಾತ್ರ ತಮ್ಮ ಬೂಟಿನ ತುದಿ ನೋಡುತ್ತಾ ಕೂತಿದ್ದರು. ನನ್ನ ಹೆಂಡತಿ ನೆಲ್ಡಾ ನನ್ನ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿದಳು.

ಅವಳು ಎಳೆದದ್ದಕ್ಕೆ ಕಾರಣವಿತ್ತು. ಹೋಮ್‌ಕಮಿಂಗ್ ಊಟದ ಯಜಮಾನಿಕೆ ಆ ವರ್ಷ ಮೊಟ್ಟಮೊದಲ ಬಾರಿಗೆ ಅವಳ ಕೈಗೆ ಬಂದಿತ್ತು. ಅದುವರೆಗೆ ಎಷ್ಟೋ ವರ್ಷದಿಂದ ಅದು ಚರ್ಚಿನ ಹಿರಿಯಾಕೆ ವರ್ಲೀನಮ್ಮನ ಸಾಮ್ರಾಜ್ಯ. ಆಲೂಗಡ್ಡೆ ಸಲಾಡಿಗೆ ಎಷ್ಟು ಸಾಸಿವೆ ಬೀಳಬೇಕು, ಯಾರ ಹಣ್ಣಿನ ಪೈ ಮೇಜಿನ ನಡುವೆ ಇರಬೇಕು, ಯಾರ ಪೈ ಕಸದ ಡಬ್ಬಿಯ ಪಕ್ಕದಲ್ಲಿರಬೇಕು, ಎಲ್ಲ ಅವರ ಅಪ್ಪಣೆಯಂತೆ. ನೆಲ್ಡಾಳ ಪೈ ವರ್ಷಾ ವರ್ಷ ಕಸದ ಡಬ್ಬಿಯ ಪಕ್ಕದಲ್ಲೇ ಕೂತು ಬಂದಿತ್ತು. ಈ ಸಲ ವರ್ಲೀನಮ್ಮನಿಗೆ ಕಣ್ಣಿನ ಆಪರೇಷನ್ ಆಗಿತ್ತು. ನೆಲ್ಡಾ ಒಂದು ತಿಂಗಳಿನಿಂದ ನಿದ್ದೆಯಲ್ಲೂ ಕೋಳಿ ಹುರಿಯುತ್ತಿದ್ದಳು.

ಮನೆಗೆ ಬರುವ ದಾರಿಯಲ್ಲಿ ಶುರುವಾಯಿತು. ನನ್ನ ಹೆಂಡತಿಯ ಬಾಯಿ ತೆರೆದರೆ ಬ್ಯಾಂಜೋ ಕೂಡ ಗೌರವದಿಂದ ಸುಮ್ಮನಾಗುತ್ತದೆ!

"ಅಲ್ಲ ಹೋಲಿಸ್, ಶನಿವಾರವೇ ಆಗ್ಬೇಕಿತ್ತಾ ನಿನಗೆ? ಶನಿವಾರ ಬೆಳಿಗ್ಗೆ ಹೆಂಗಸರೆಲ್ಲ ನಮ್ಮನೇಲಿ ಇರ್ತಾರೆ. ಕಾಳು ಸುಲೀಬೇಕು, ಕೇಕ್ ಆಗ್ಬೇಕು, ಹಿಂದಿನ ಜಗಲಿ ತುಂಬ ಮೇಜು ಹಾಕಿರ್ತೀನಿ. ವರ್ಲೀನಮ್ಮ ಬೇರೆ ಬರ್ತಾರೆ."

"ಅವರಿಗೆ ಕಣ್ಣು ಆಪರೇಷನ್ ಆಗಿದೆಯಲ್ಲ?"

"ಒಂದು ಕಣ್ಣು ಆಗಿದೆ. ಇನ್ನೊಂದು ಕಣ್ಣಲ್ಲಿ ನನ್ನ ತಪ್ಪು ನೋಡೋಕೆ ಬರ್ತಿದಾರೆ! ಕೇಳಿಸ್ಕೋ. ನಾಯಿ, ಹಂದಿ, ಕೆಸರು ಬೂಟು, ಇವು ಯಾವುದೂ ಶನಿವಾರ ನನ್ನ ಅಂಗಳದಲ್ಲಿ ಕಾಣ್ಸಬಾರದು. ಗೊತ್ತಾಯ್ತಾ?"

"ಅಯ್ಯೋ, ಬೇಟೆ ನಡೆದದ್ದೇ ನಿನಗೆ ಗೊತ್ತಾಗಲ್ಲ ಕಣೇ! ಅದೇ ನೋಡು ಮೂಕ ನಾಯಿಯ ಹೆಚ್ಚುಗಾರಿಕೆ. ನಿಮ್ಮಪ್ಪನ ನಾಯಿ ಆಗಿದ್ರೆ ಬೇರೆ ಮಾತು."

"ನಮ್ಮಪ್ಪನ ನಾಯಿ ಸುದ್ದಿಗೆ ಬರ್ಬೇಡ."

"ನಾನೇನೂ ಬರಲ್ಲ. ಆದ್ರೆ ಅದೂ ನನ್ನ ಬೇಟೆಗೆ ಬರ್ಬಾರದು."

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಮಾವ ಬ್ಯಾಂಜೋ ಸಮೇತ ಹಾಜರಾದರು. ನಾನು ಖಡಾಖಂಡಿತ ಹೇಳಿದೆ, ಈ ಸಂಗೀತಗಾರ ಬರಕೂಡದು ಅಂತ. ಮಾವ ಜಗಳವಾಡಲಿಲ್ಲ. "ನಿನ್ನ ಹಂದಿ, ನಿನ್ನ ಶಪಥ," ಎಂದರು. ಹೊರಗೆ ಕಟ್ಟಿದರೆ ಅದು ಬೊಗಳಿ, ಆ ಸದ್ದು ತಗ್ಗಿನ ಕಾಡಿಗೆಲ್ಲ ಕೇಳಿ, ನನ್ನ ಮೌನಯಜ್ಞಕ್ಕೆ ಭಂಗ ಬರುತ್ತದಲ್ಲ! ಬ್ಯಾಂಜೋವನ್ನು ಪಂಪ್ ಕೋಣೆಗೆ ನೂಕಿ, ಬಾಗಿಲಿಗೆ ಚಿಲಕ ಹಾಕಿ, ಕಿಟಕಿಗೆ ಗೋಣಿಚೀಲ ತುರುಕಿದೆ. ನೆಲ್ಡಾಳನ್ನು ಕರೆದು, "ಇದು ಏನೇ ಬಡ್ಕೊಂಡ್ರೂ ಬಾಗಿಲು ತೆಗೀಬೇಡ," ಎಂದು ತಾಕೀತು ಮಾಡಿದೆ. ನನ್ನ ಫೋನಿನ ಸದ್ದನ್ನೂ ಅಡಗಿಸಿ ಜೇಬಿಗೆ ಹಾಕಿಕೊಂಡೆ. ನಾಯಿಗೊಂದು ನ್ಯಾಯ, ಫೋನಿಗೊಂದು ನ್ಯಾಯ ಮಾಡಬಾರದಲ್ಲ!

ಪಿಕಪ್ಪನ್ನು ಚರ್ಚಿನ ಬಳಿ ನಿಲ್ಲಿಸಿದೆವು. ಚರ್ಚಿಗೂ ನಮ್ಮ ಮನೆಗೂ ನಡುವೆ ಒಂದು ತೊರೆ, ತೊರೆಯ ಎರಡು ಕಡೆ ತಗ್ಗಿನ ಕಾಡು. ಸ್ಮಶಾನದ ಬೇಲಿಯ ಬಳಿ ಹಂದಿ ಆಗತಾನೇ ಕೆದಕಿದ ಹಸಿ ಮಣ್ಣು ಕಾಣಿಸಿತು. ಜಡ್ಜ್ ಮೂಸಿತು. ಒಮ್ಮೆ ನನ್ನ ಮುಖ ನೋಡಿತು. ಪೊದೆಯೊಳಗೆ ಹೊಕ್ಕಿತು. ಆಮೇಲೆ ಒಂದು ಎಲೆಯೂ ಅಲುಗಲಿಲ್ಲ.

"ಕೇಳಿದ್ರಾ ಮಾವ?" ಎಂದೆ ಹೆಮ್ಮೆಯಿಂದ.

"ಏನನ್ನ?"

"ಅದೇ! ಏನೂ ಕೇಳ್ತಿಲ್ಲವಲ್ಲ, ಅದನ್ನ!"

ಮಾವ ಒಂದು ಮರದ ದಿಮ್ಮಿಯ ಮೇಲೆ ಕೂತು ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಂಡರು. ಹಕ್ಕಿ ಕೂಗಿತು. ಸೊಳ್ಳೆ ಕಚ್ಚಿತು. ಮಾವ ಎರಡನೆಯ ಲೋಟ ಕುಡಿದರು. ನಾನು ಮೌನದ ಮಹಿಮೆಯ ಬಗ್ಗೆ ಪಿಸುದನಿಯಲ್ಲಿ ಉಪನ್ಯಾಸ ಕೊಟ್ಟೆ. ಮಾವ ಮೂರನೆಯ ಲೋಟ ಕುಡಿದು, "ಆ ನಿನ್ನ ಪೆಟ್ಟಿಗೆಯಾದ್ರೂ ಏನಾದ್ರೂ ಹೇಳುತ್ತಾ ನೋಡು," ಎಂದರು.

ನಾನು ಪೆಟ್ಟಿಗೆ ತೆಗೆದು ನೋಡಿದೆ.

ಜಡ್ಜ್ ಇದ್ದದ್ದು ನಮ್ಮ ಮನೆಯಲ್ಲಿ! ಕಾಡಿನಲ್ಲಲ್ಲ, ತೊರೆಯಲ್ಲಲ್ಲ, ಸರಿಯಾಗಿ ನಮ್ಮ ಅಡುಗೆಮನೆಯ ಮೇಲೆ ಬಾಣದ ಗುರುತು ಕೂತಿತ್ತು. ಕದಲುತ್ತಲೂ ಇರಲಿಲ್ಲ. ನನಗೆ ಎಲ್ಲ ಅರ್ಥವಾಯಿತು, ಅಥವಾ ಹಾಗೆಂದುಕೊಂಡೆ. ಹಿಂದಿನ ದಿನದಿಂದ ಮನೆಯೆಲ್ಲ ಬೇಕನ್ ಮಾಂಸ ಹುರಿದ ವಾಸನೆ. ನನ್ನ ಹೆಮ್ಮೆಯ ನಾಯಿ, ನನ್ನ ವಂಶೋದ್ಧಾರಕ, ಬೇಟೆ ಬಿಟ್ಟು ತಿಂಡಿ ತಿನ್ನಲು ಮನೆಗೆ ಓಡಿದೆ! ನಮ್ಮ ಕಡೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಗಂಡ ಓಡಿಹೋದರೆ ಜನ ಒಂದು ತಿಂಗಳು ಮಾತಾಡುತ್ತಾರೆ. ಬೇಟೆನಾಯಿ ಅರ್ಧದಲ್ಲಿ ಮನೆಗೆ ಓಡಿದರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

"ಎಲ್ಲಿದೆ?" ಎಂದರು ಮಾವ.

"ಅಲ್ಲೇ... ತೊರೆಯ ಮೇಲ್ಗಡೆ. ಬಿದಿರು ಮೆಳೆ ಹತ್ರ," ಎಂದು ಮನೆಗೆ ನೇರ ವಿರುದ್ಧ ದಿಕ್ಕಿಗೆ ಕೈ ತೋರಿಸಿದೆ.

"ಪೆಟ್ಟಿಗೆ ಕೊಡು ನೋಡೋಣ."

"ನಿಮಗೆ ಕನ್ನಡಕ ಇಲ್ಲದೆ ಕಾಣಲ್ಲ ಮಾವ!"

"ಮೂಗಿನ ಮೇಲಿದೆಯಲ್ಲಯ್ಯ!"

ನಾನು ಕೇಳಿಸದವನಂತೆ ಹೊರಟೇಬಿಟ್ಟೆ. ಎಪ್ಪತ್ತು ದಾಟಿದ ಮಾವನನ್ನು ಮುಳ್ಳಿನ ಬಳ್ಳಿಗಳ ನಡುವೆ, ಮೊಣಕಾಲು ಮಟ್ಟದ ಕೆಸರಿನಲ್ಲಿ, ಇಲ್ಲದ ನಾಯಿಯ ಹಿಂದೆ ಕರೆದುಕೊಂಡು ಹೋದೆ! ನನ್ನ ಲೆಕ್ಕಾಚಾರ ಇಷ್ಟು: ಜಡ್ಜ್ ತಿಂಡಿ ಮುಗಿಸಿ ಹೇಗೂ ವಾಪಸು ಬರುತ್ತದೆ, ಅಲ್ಲಿಯವರೆಗೆ ಇವರನ್ನು ದೂರ ಇಟ್ಟರೆ ಮಾನ ಉಳಿಯುತ್ತದೆ. ಸ್ವಲ್ಪ ದೂರ ಹೋಗಿದ್ದೆವು. ಗಾಳಿಯಲ್ಲಿ ಎಲ್ಲೋ ಹಿಂದಿನಿಂದ ಸಣ್ಣಗೆ ನಾಯಿ ಬೊಗಳುವ ಸದ್ದು ತೇಲಿ ಬಂತು.

ಮಾವ ಗಕ್ಕನೆ ನಿಂತರು. "ಯಾವುದೋ ನಾಯಿ ಹಂದಿ ನಿಲ್ಲಿಸ್ಕೊಂಡು ಬೊಗಳ್ತಿದೆ. ನಿಮ್ಮನೆ ದಿಕ್ಕು."

"ನಿಮ್ಮ ಬ್ಯಾಂಜೋನೇ ಇರ್ಬೇಕು, ಇನ್ಯಾರು? ಪಂಪ್ ಕೋಣೇಲಿ ಕಚೇರಿ ಶುರು ಮಾಡಿರುತ್ತೆ."

"ಬ್ಯಾಂಜೋ ದನಿ ನನಗೆ ಗೊತ್ತಿಲ್ವಾ? ನನ್ನ ಮಗಳ ದನಿ ಎಷ್ಟು ಗೊತ್ತೋ ಅಷ್ಟೇ ಗೊತ್ತು. ಇದು ಅದಲ್ಲ." ಅವರು ತಲೆ ವಾರೆ ಮಾಡಿ ಮತ್ತೆ ಆಲಿಸಿದರು. "ಅದರ ಹಿಂದೆ ಇನ್ನೂ ಏನೋ ಕೇಳ್ತಿದೆ. ಹೆಂಗಸರು ಕಿರಿಚಿದ ಹಾಗೆ."

"ವರ್ಲೀನಮ್ಮ ಕೀರ್ತನೆ ಹಾಡ್ತಿರ್ಬೇಕು."

"ಹೋಲಿಸ್," ಎಂದರು ಮಾವ, ಗೇಲಿಯೆಲ್ಲ ಬಿಟ್ಟು. "ಆ ಪೆಟ್ಟಿಗೆ ಇಲ್ಲಿ ಕೊಡು."

ಅವರು ಕೈ ಚಾಚಿದರು. ನಾನು ಹಿಂದೆ ಸರಿದೆ. ಹಿಂದೆ ಇದ್ದದ್ದು ತೊರೆ. ನಾನು ದಡದ ಮೇಲೇ ಉಳಿದೆ, ಪೆಟ್ಟಿಗೆ ಮಾತ್ರ ಗುಳುಂ ಎಂದು ನೀರಿಗೆ ಹೋಯಿತು! ಹುಡುಕಲು ಬಗ್ಗಿದಾಗ ಜೇಬಿನಿಂದ ಫೋನು ಜಾರಿ ಹುಲ್ಲಿನ ಮೇಲೆ ಮುಖ ಮೇಲಾಗಿ ಬಿತ್ತು. ಅದರ ತುಂಬ ನೆಲ್ಡಾಳ ಹೆಸರು. ಒಂದರ ಕೆಳಗೊಂದು, ಒಂದರ ಕೆಳಗೊಂದು, ಬೆರಳಿನಿಂದ ಎಷ್ಟು ಸರಿಸಿದರೂ ಮುಗಿಯದಷ್ಟು ಸಲ ಕರೆದಿದ್ದಳು. ಮಾವ ಅದನ್ನು ಎತ್ತಿ ನೋಡಿದರು, ನನ್ನನ್ನು ನೋಡಿದರು, ಮನೆಯ ಕಡೆ ಬಿರಬಿರನೆ ನಡೆದರು.

ಮನೆಯಲ್ಲಿ ನಡೆದದ್ದನ್ನು ಆಮೇಲೆ ಅಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೇ ಹೇಳಿದ್ದರಿಂದ ನಾನು ಅದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಮಾತು. ಜಡ್ಜ್ ಹೇಡಿಯಲ್ಲ! ನನ್ನ ಸಿದ್ಧಾಂತ ಅಕ್ಷರಶಃ ನಿಜವಾಗಿತ್ತು. ಅದು ಸದ್ದಿಲ್ಲದೆ ತೊರೆ ದಾಟಿ ಹೋಗಿ, ನಮ್ಮ ಹಿತ್ತಲಿನಾಚೆ ಪೊದೆಯಲ್ಲಿ ಮಲಗಿದ್ದ ಹಂದಿಯ ಮೂಗಿನ ಮುಂದೆಯೇ ಪ್ರತ್ಯಕ್ಷವಾಗಿತ್ತು. ದೂರದಿಂದ ಬೊಗಳುವ ಸದ್ದು ಕೇಳಿದ್ದರೆ ಹಂದಿ ಆರಾಮವಾಗಿ ಹೊಳೆ ದಾಟುತ್ತಿತ್ತು. ಇಷ್ಟು ಹತ್ತಿರದಲ್ಲಿ ದಿಢೀರನೆ ನಾಯಿಯ ಮುಖ ಕಂಡು, ಎದ್ದೆನೋ ಬಿದ್ದೆನೋ ಎಂದು, ಎದುರಿಗೆ ಕಂಡ ಮೊದಲ ಕತ್ತಲೆಯ ಸಂದಿಗೆ ನುಗ್ಗಿತು. ಆ ಸಂದಿ ನಮ್ಮ ಮನೆಯ ಅಡಿ. ನಮ್ಮದು ಕಾಡಿನ ಅಂಚಿನಲ್ಲಿ, ಗಿಡ್ಡ ಕಂಬಗಳ ಮೇಲೆ ಕೂತ ಹಳೆಯ ಮರದ ಮನೆ. ನೆಲದ ಹಲಗೆಯ ಕೆಳಗೆ ಮನುಷ್ಯ ತೆವಳಿಕೊಂಡು ಹೋಗುವಷ್ಟು ಜಾಗ. ತಂಪು, ಕತ್ತಲೆ, ಹಂದಿಗೆ ಹೇಳಿ ಮಾಡಿಸಿದ ಹಾಗಿತ್ತು.

ಅಡುಗೆಮನೆಯಲ್ಲೂ ಹಿಂದಿನ ಜಗಲಿಯಲ್ಲೂ ಹೆಂಗಸರು ಕಾಳು ಸುಲಿಯುತ್ತಿದ್ದರು. ಅಂಗಳದ ಬಾಗಿಲು ತೆರೆದೇ ಇತ್ತು. ಮುನ್ಸೂಚನೆ ಏನಾದರೂ ಇತ್ತೇ? ಇತ್ತು! ಪಂಪ್ ಕೋಣೆಯಲ್ಲಿ ಬ್ಯಾಂಜೋ ಗೋಣಿಚೀಲದ ಹಿಂದಿನಿಂದ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಪಾಪ, ಅದಕ್ಕೆ ವಾಸನೆ ಬಂದಿತ್ತು. ಏನೋ ಬರುತ್ತಿದೆ ನೋಡಬಾರದೇ ಎಂದು ವರ್ಲೀನಮ್ಮ ಕೂಡ ಕೇಳಿದರಂತೆ. ನೆಲ್ಡಾ, "ಬೊಗಳಿದ್ರೂ ಬಾಗಿಲು ತೆಗೀಬೇಡ ಅಂತ ನಮ್ಮ ಯಜಮಾನರ ಅಪ್ಪಣೆ ಆಗಿದೆ," ಎಂದು ನಕ್ಕಳಂತೆ. ಅಷ್ಟರಲ್ಲಿ ನೆಲ ಎದ್ದಿತು.

ಉತ್ಪ್ರೇಕ್ಷೆಯಲ್ಲ, ಎದ್ದಿತು! ಹಂದಿ ತನ್ನ ಬೆನ್ನನ್ನು ಹಲಗೆಗೆ ಕೊಟ್ಟು ಒಮ್ಮೆ ಕೊಡವಿತು. ಒಲೆಯ ಮೇಲಿನ ಪಾತ್ರೆಗಳು ಕುಣಿದವು. ಕಪಾಟಿನ ತಟ್ಟೆಗಳು ಒಂದೊಂದಾಗಿ ಕೆಳಗಿಳಿದವು. "ಭೂಕಂಪ!" ಎಂದರು ಒಬ್ಬರು. "ಲೋಕಾಂತ್ಯ!" ಎಂದರು ಇನ್ನೊಬ್ಬರು. ವರ್ಲೀನಮ್ಮ, "ಈ ಮನೆ ಕಟ್ಟಿದವರು ಯಾರು?" ಎಂದರು. ಆ ಗಳಿಗೆಗೆ ಸರಿಯಾಗಿ ಅವರ ಕುರ್ಚಿಯ ನೇರ ಕೆಳಗೆ ಜಡ್ಜ್ ತನ್ನ ತೀರ್ಪನ್ನು ಪ್ರಕಟಿಸಿತು. ಒಂದೇ ಸಲಕ್ಕೆ, ಪೂರ್ತಿ ಗಂಟಲಿನಲ್ಲಿ!

ವರ್ಲೀನಮ್ಮ ಆ ವಯಸ್ಸಿನಲ್ಲಿ, ಆ ಗಾತ್ರದಲ್ಲಿ, ಒಂದೇ ನೆಗೆತಕ್ಕೆ ಜಗಲಿಗೆ ಹಾರಿ ಮಡಚುವ ಮೇಜಿನ ಮೇಲೆ ಹತ್ತಿದರು. ಮಡಚುವ ಮೇಜು ಮಡಚಿಕೊಂಡಿತು. ಅದರ ಮೇಲಿದ್ದ ತೆಂಗಿನ ಕೇಕು, ಮೊಟ್ಟೆಗಳು, ಪೈಗಳು ಎಲ್ಲ ಮೆಟ್ಟಿಲಿನ ಕಡೆ ಜಾರಿದವು. ವರ್ಲೀನಮ್ಮ ಸುಲಿದ ಕಾಳಿನ ದೊಡ್ಡ ತೊಟ್ಟಿಯಲ್ಲಿ ಆಸೀನರಾದರು. ಕೆಳಗೆ ಹಂದಿ ತಿರುಗಿದ ರಭಸಕ್ಕೆ ನೀರಿನ ಪೈಪು ಮುರಿದು ಅಡುಗೆಮನೆಯ ಕೆಳಗೆ ಕೆರೆಯಾಯಿತು. ಹಂದಿಗೆ ಕೆಸರು ಸಿಕ್ಕ ಮೇಲೆ ಕೇಳಬೇಕೆ? ಅದು ಹೊರಗೆ ಬರುವ ಯೋಚನೆಯನ್ನೇ ಬಿಟ್ಟಿತು.

ನಾವು ಅಂಗಳಕ್ಕೆ ಕಾಲಿಟ್ಟಾಗ ಹೆಂಗಸರೆಲ್ಲ ವರ್ಲೀನಮ್ಮನ ಕಾರಿನ ಮೇಲೆ ಹಕ್ಕಿಗಳ ಹಾಗೆ ಸಾಲಾಗಿ ಕೂತಿದ್ದರು. ವರ್ಲೀನಮ್ಮ ತೊಟ್ಟಿಯಲ್ಲೇ ಇದ್ದರು. ನೆಲ್ಡಾ ಒಬ್ಬಳೇ ಹಿಂದಿನ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು. ನನ್ನನ್ನು ಕಂಡದ್ದೇ ತಡ, ಹಂದಿ ಮೆಟ್ಟಿಲ ಕೆಳಗಿನಿಂದ ಗುಂಡಿನ ಹಾಗೆ ಸಿಡಿದು ಬಂತು. ಜಾರಿ ಬಿದ್ದಿದ್ದ ಕಸೂತಿಯ ಮೇಜುವಸ್ತ್ರ ಅದರ ಕೋರೆಗೆ ಸಿಕ್ಕಿಕೊಂಡು ಹಿಂದೆ ಹಾರಾಡಿತು. ಅದರ ಬೆನ್ನಿಗೆ ಜಡ್ಜ್. ಎರಡೂ ಪೊದೆಯೊಳಗೆ ಮಾಯವಾದವು. ಮತ್ತೆ ಘನ ಮೌನ!

"ಯಾವ ಕಡೆ ಹೋಯ್ತು?" ಎಂದೆ.

ಯಾರಿಗೆ ಗೊತ್ತು? ಪೆಟ್ಟಿಗೆ ತೊರೆಯಲ್ಲಿ. ನಾಯಿ ಮೂಕ. ನೆಲ್ಡಾ ಪೊರಕೆಯನ್ನು ಗೋಡೆಗೆ ಒರಗಿಸಿ, ನೆಟ್ಟಗೆ ಪಂಪ್ ಕೋಣೆಗೆ ಹೋಗಿ ಚಿಲಕ ಸರಿಸಿದಳು. ಬ್ಯಾಂಜೋ ಬೆಳಗಿನಿಂದ ಕೂಡಿಟ್ಟ ಸುದ್ದಿಯನ್ನೆಲ್ಲ ಒಮ್ಮೆಗೇ ಹೊರಗೆ ಬಿಟ್ಟಿತು. ಅಳುತ್ತ, ಹಾಡುತ್ತ, ಉರುಳುತ್ತ ಹೊರಟಿತು. ಮಾವ ಜೇಬಿಗೆ ಕೈ ಹಾಕಿ ನಿಂತು ಕೇಳಿಸಿಕೊಂಡರು. "ತೊರೆ ದಾಟಿತು," ಎಂದರು. "ಎಡಕ್ಕೆ ತಿರುಗಿತು. ಹಂದಿಗೆ ಸುಸ್ತಾಗಿದೆ. ಚರ್ಚಿನ ಕಡೆ ಹೋಗ್ತಿದೆ." ರೇಡಿಯೋದಲ್ಲಿ ಪಂದ್ಯದ ವಿವರಣೆ ಕೇಳಿದಂತಿತ್ತು! ಅತ್ತ ಚರ್ಚಿನ ಬಳಿ ಹುಲ್ಲು ಕತ್ತರಿಸುತ್ತಿದ್ದ ಪಾಸ್ಟರಿಗೂ ಆ ದನಿ ಕೇಳಿತು. ಹಂದಿ ತಮ್ಮ ಕಡೆಗೇ ಬರುತ್ತಿದೆ ಎಂದು ತಿಳಿದು ಸ್ಮಶಾನದ ಕಬ್ಬಿಣದ ಗೇಟು ಮುಚ್ಚಿ, ಪಿಯಾನೋ ಅಭ್ಯಾಸಕ್ಕೆ ಬಂದಿದ್ದ ಹುಡುಗಿಯನ್ನೂ ಚರ್ಚಿನೊಳಗೆ ಕಳಿಸಿ, ಕಾದು ನಿಂತರು. ನಾವು ಹೋಗುವ ಹೊತ್ತಿಗೆ ಬೇಲಿಯ ಹೊರಮೂಲೆಯಲ್ಲಿ ಹಂದಿಯನ್ನು ನಿಲ್ಲಿಸಿಕೊಂಡು ಎರಡೂ ನಾಯಿಗಳು ಬೊಗಳುತ್ತಿದ್ದವು. ನಾನು ಹಿಂಗಾಲು ಹಿಡಿದೆ, ಮಾವ ಹಗ್ಗ ಬಿಗಿದರು. ಮೇಜುವಸ್ತ್ರದ ಒಂದು ಮೂಲೆಯಲ್ಲಿ ತೆಂಗಿನ ಕೇಕು ಇನ್ನೂ ಅಂಟಿಕೊಂಡಿತ್ತು.

ಭಾನುವಾರ ಪಾಸ್ಟರು ವೇದಿಕೆಯಿಂದ "ಸಹೋದರ ಓರಿಸ್ ಮತ್ತು ಬ್ಯಾಂಜೋ" ಇಬ್ಬರಿಗೂ ಧನ್ಯವಾದ ಹೇಳಿದರು. ಜಡ್ಜ್ ಹೆಸರಿಲ್ಲ, ನನ್ನ ಹೆಸರೂ ಇಲ್ಲ. ಅದು ಹೋಗಲಿ. ಮನೆಯಲ್ಲಿ ನೀರಿಲ್ಲ, ಮೇಜಿಲ್ಲ, ಅಡುಗೆಯಿಲ್ಲ. ಆದ್ದರಿಂದ ಊಟವೆಲ್ಲ ವರ್ಲೀನಮ್ಮನ ಅಡುಗೆಮನೆಯಲ್ಲಿ ಆಗಿತ್ತು. ವರ್ಲೀನಮ್ಮ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಓಕ್ ಮರದ ಕೆಳಗೆ ಸೌಟು ಹಿಡಿದು ರಾಜ್ಯಭಾರ ಮಾಡಿದರು. ನೆಲ್ಡಾ ರಾತ್ರಿಯೆಲ್ಲ ಕೂತು ಅಕ್ಕನ ಮನೆಯಲ್ಲಿ ಮಾಡಿ ತಂದ ಒಂದೇ ಒಂದು ಪೈ ಕಸದ ಡಬ್ಬಿಯ ಪಕ್ಕದಲ್ಲಿತ್ತು. ಅವಳು ಮೇಜಿನ ಕೊನೆಯಲ್ಲಿ ತಟ್ಟೆಯನ್ನೇ ನೋಡುತ್ತಾ ಕೂತಿದ್ದಳು. ಅದನ್ನು ಕಂಡು ನನಗೆ ನಿಜವಾಗಿಯೂ ನೋವಾಯಿತು. ಹಂದಿ ನನ್ನನ್ನು ಹಾಯ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಸರಿ, ಬೈಗುಳಕ್ಕೆ ತಯಾರಾದೆ. ಮನೆಗೆ ಬರುವ ದಾರಿಯಲ್ಲಿ ಎರಡು ಕೈಯಿಂದ ಸ್ಟಿಯರಿಂಗ್ ಹಿಡಿದು, ಕತ್ತು ತಗ್ಗಿಸಿ ಕಾದೆ. ನೆಲ್ಡಾ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಮನೆಗೆ ಬಂದೆವು. ಕಾದೆ. ಮಲಗಿದೆವು. ಕಾದೆ. ಬೆಳಗಾಯಿತು. ಒಂದು ಮಾತಿಲ್ಲ!

ಮೊದಲ ದಿನ, ಬದುಕಿದೆ ಎಂದುಕೊಂಡೆ. ನಾಚಿಕೆಯಿಲ್ಲದೆ ಸೀಟಿ ಕೂಡ ಹೊಡೆದೆ. ಎರಡನೆಯ ದಿನ ಕೆಲಸದಿಂದ ಬಂದು ಕೂರಲು ಹೋದರೆ ನನ್ನ ಕುರ್ಚಿ ಇಲ್ಲ. ಒರಗಿದರೆ ಕಾಲು ಮೇಲೆತ್ತುವ, ನನ್ನ ದೇಹದ ಅಚ್ಚು ಬಿದ್ದ ಆ ಕುರ್ಚಿ ನಾಯಿಗೂಡಿನಲ್ಲಿತ್ತು. ಜಡ್ಜ್ ಅದರ ಮೇಲೆ ಕಾಲು ಚಾಚಿ ಮಲಗಿತ್ತು. ಮತ್ತೊಂದು ದಿನ ಮೀನು ಹಿಡಿಯಲು ಹೋಗೋಣವೆಂದು ಹಿತ್ತಲಿಗೆ ಹೋದೆ. ನನ್ನ ದೋಣಿಯ ತುಂಬ ಕಪ್ಪು ಮಣ್ಣು! ಅದರಲ್ಲಿ ಬದನೆ ಸಸಿಗಳು ಸಾಲಾಗಿ ನಿಂತು ಗಾಳಿಗೆ ತಲೆಯಾಡಿಸುತ್ತಿದ್ದವು. ನೀರು ಕೂಡ ಹಾಕಿಯಾಗಿತ್ತು. ಇದಾವುದಕ್ಕೂ ಮುಂಚೆ ಒಂದು ಗುಟುರಿಲ್ಲ, ಒಂದು ಗುರ್ರಿಲ್ಲ. ಯಾವ ಬಾಗಿಲು ತೆಗೆಯುವ ಮುಂಚೆಯೂ ನಾನು ಅದಕ್ಕೆ ಕಿವಿಯಿಟ್ಟು ಆಲಿಸತೊಡಗಿದೆ. ಒಳಗೆ ಏನು ಕಾದಿದೆಯೋ, ಯಾವ ಕಡೆಯಿಂದ ಬರುತ್ತದೋ!

"ಬೈಯೇ ಮಾರಾಯ್ತಿ!" ಎಂದು ಅಂಗಲಾಚಿದೆ. "ತಪ್ಪು ನಂದೇ. ನಿನ್ನ ಊಟ ಹಾಳು ಮಾಡ್ದೆ, ನಿನ್ನ ಮಾನ ಕಳೆದೆ. ಬಾಯಿ ಬಿಟ್ಟು ಬೈದುಬಿಡು, ಊರೆಲ್ಲ ಕೇಳೋ ಹಾಗೆ ಬೈ. ನಂಗೆ ಬೇಜಾರಿಲ್ಲ!"

ನೆಲ್ಡಾ ನನ್ನನ್ನು ನೋಡಿ ಮೆಲ್ಲಗೆ ನಕ್ಕಳು. ಆ ನಗು ಕಂಡು ನಾನು ನೇರವಾಗಿ ಮಾವನ ಮನೆಗೆ ಓಡಿದೆ.

ಮಾವ ಜಗಲಿಯ ಮೇಲೆ ಕೂತು ಬ್ಯಾಂಜೋನ ಕಿವಿಯಿಂದ ಉಣ್ಣೆಹುಳ ತೆಗೆಯುತ್ತಿದ್ದರು. ಆ ಕಡೆಯ ಉಯ್ಯಾಲೆಯಲ್ಲಿ ಅತ್ತೆ ವೀಡಾ ಹೊಲಿಯುತ್ತಾ ಕೂತಿದ್ದರು. ನಾನು ಮೆಟ್ಟಿಲ ಮೇಲೆ ಕುಸಿದು, ಟೊಪ್ಪಿ ತೆಗೆದು, "ಸೋತೆ ಮಾವ," ಎಂದೆ. "ನಾಯಿ ಬೊಗಳ್ಬೇಕು. ನಾಯಿ ಬೊಗಳ್ಬೇಕು, ಹೆಂಡತಿ ಬೈಬೇಕು. ಬರೋದು ಏನು ಅಂತ ಮನುಷ್ಯನಿಗೆ ಗೊತ್ತಾಗ್ಬೇಕು."

ಗೆದ್ದವರ ಹಾಗೆ ಮಾವ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಉಯ್ಯಾಲೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಯಾರಿಗೂ ಹೇಳ್ಬೇಡ. ನಾನೂ ಒಂದು ಸಲ ಮೂಕನಾಯಿ ಸಾಕಿದ್ದೆ."

"ನೀವಾ!"

"ಒಂದೇ ಒಂದು. ಅದೂ ಹಂದೀನ ಮನೆಗೇ ತಂತು. ನಿಮ್ಮತ್ತೆ ಸೀಮಂತದ ದಿವಸ. ಆಗೆಲ್ಲ ಇವಳು ಬಾಯಿ ತೆಗೆದ್ರೆ ಊರಿಗೆ ರೇಡಿಯೋ ಬೇಕಾಗಿರಲಿಲ್ಲ."

ನಾನು ಅತ್ತೆಯನ್ನು ನೋಡಿದೆ. ಅತ್ತೆಗೆ ಮಾತು ಕಡಿಮೆ. ದೊಡ್ಡ ಮನೆತನದ ಹೆಂಗಸು, ಹುಟ್ಟುಗುಣ ಎಂದೇ ನಾನು ಇಷ್ಟು ವರ್ಷವೂ ತಿಳಿದಿದ್ದೆ. ಅತ್ತೆ ದಾರವನ್ನು ಹಲ್ಲಿನಿಂದ ಕಡಿದು, ನನ್ನನ್ನು ನೋಡಿ ಮೆಲ್ಲಗೆ ನಕ್ಕರು. ಥೇಟ್ ನೆಲ್ಡಾಳ ನಗು!

"ಅದು... ಯಾವ ಕಾಲದ ಮಾತು ಮಾವ?"

ಮಾವ ನಿಟ್ಟುಸಿರು ಬಿಟ್ಟು ಬ್ಯಾಂಜೋನ ತಲೆ ಸವರಿದರು.

"ನಿನ್ನ ಹೆಂಡತಿ ಇನ್ನೂ ಹುಟ್ಟಿರಲಿಲ್ಲ."